ನಾಲ್ಕು ಹಾಳೆ ಹೆಬ್ಬೆಟ್ಟು

ಸುಗಲಮ್ಮ ಶಾಲೆಯ ಗೇಟು ದೂಡಿಕೊಂಡು ಒಳಗೆ ಬಂದಾಗ ಬೆಳಗಿನ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಮಕ್ಕಳು ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದರು. ಆಕೆ ಬೈಯುತ್ತಲೇ ಬಂದಳು. ದೇವರ ಪದ್ಯ ಒಂದು ಕಡೆ, ಆಕೆಯ ಬೈಗುಳ ಇನ್ನೊಂದು ಕಡೆ. ಯಾವುದನ್ನು ಕೇಳಬೇಕೆಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದೊಂದೇ ಕಣ್ಣು ತೆರೆದು ನೋಡತೊಡಗಿದವು.

ಹಿಂದಿನ ದಿನ ಮಧ್ಯಾಹ್ನ ಇದೇ ಶಾಲೆಯ ಬಿಸಿಯೂಟ ಉಂಡು ಹದಿನೇಳು ಮಕ್ಕಳು ಕಾರಿಕೊಂಡಿದ್ದವು. ಹದಿನಾರು ಮಕ್ಕಳು ಸಂಜೆಯ ಹೊತ್ತಿಗೆ ಚೇತರಿಸಿಕೊಂಡು ಮನೆಗೆ ಹೋದವು. ಹದಿನೇಳನೆಯವಳು ಮೂರನೇ ಕ್ಲಾಸಿನ ಗಂಗಾ, ಸುಗಲಮ್ಮನ ಒಬ್ಬಳೇ ಮಗಳು. ಅವಳು ಸರ್ಕಾರಿ ದವಾಖಾನೆಯಲ್ಲಿ ಕೈಗೆ ಸಲೈನ್ ಹಾಕಿಸಿಕೊಂಡು ಮಲಗಿದ್ದಳು. ಪಕ್ಕದ ಶೆಡ್ಡಿನ ನೀಲಾಳನ್ನು ಅವಳ ಬಳಿ ಕೂರಿಸಿ, ಸುಗಲಮ್ಮ ಜಗಳಕ್ಕೆಂದೇ ಬಂದಿದ್ದಳು.

"ಎಲ್ಲಿ ಅದಾಳ ಆ ಗೋದಾಬಾಯಿ? ಹೊರಗ ಬಾ! ನನ್ನ ಕೂಸಿಗೆ ಏನ್ ಬಡಿಸೀದಿ, ಹೇಳಿ ಹೋಗು!"

ಈ ಶಾಲೆ ಇದ್ದದ್ದು ತೆಲುಗು ನಾಡಿನ ಮಾದಾಪುರದಲ್ಲಿ, ಹನ್ನೆರಡು ಮಹಡಿಯ ಗಾಜಿನ ಕಟ್ಟಡವೊಂದರ ಬೆನ್ನಿಗೆ. ಆ ವರ್ಷಗಳಲ್ಲಿ ಅಲ್ಲಿ ತಿಂಗಳಿಗೊಂದು ಅಂಥ ಕಟ್ಟಡ ಏಳುತ್ತಿತ್ತು. ಅವುಗಳೊಳಗೆ ಕಂಪ್ಯೂಟರಿನ ಮುಂದೆ ಕೂರುವವರು ಎಲ್ಲೆಲ್ಲಿಂದಲೋ ಬರುತ್ತಿದ್ದರು. ಅವನ್ನು ಕಟ್ಟುವವರು ಮಾತ್ರ ಗುಲಬರ್ಗಾ, ರಾಯಚೂರಿನ ಕಡೆಯಿಂದ ಬಸ್ಸು ತುಂಬಿಕೊಂಡು ಬರುತ್ತಿದ್ದರು. ಸುಗಲಮ್ಮ ಸುರಪುರದ ಕಡೆಯವಳು. ಗಂಡ ಬೂದೆಪ್ಪನಿಗೆ ಪಟಾನ್‌ಚೆರುವಿನ ಕೆಮಿಕಲ್ ಫ್ಯಾಕ್ಟರಿಯಲ್ಲಿ ಕೆಲಸ, ಭಾನುವಾರ ಬಂದರೆ ಬಂದ. ಉಳಿದ ಆರು ದಿನ ತಾಯಿ ಒಂಬತ್ತನೇ ಮಹಡಿಗೆ ಗಾರೆ ಹೊತ್ತರೆ ಮಗಳು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡುತ್ತಿದ್ದಳು. ಆ ಒಂದು ಊಟ ಇದ್ದದ್ದರಿಂದಲೇ ಗಂಗಾ ಶಾಲೆಗೆ ಹೋಗುತ್ತಿದ್ದಳು ಎಂದರೆ ಸುಗಲಮ್ಮ ಅಲ್ಲವೆನ್ನುತ್ತಿರಲಿಲ್ಲ.

ಗೋದಾಬಾಯಿ ತಗಡಿನ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದಳು. ಬೀದರಿನ ಕಡೆಯ ಹೆಂಗಸು. ಮಹಿಳಾ ಸಂಘದ ಹೆಸರಿನಲ್ಲಿ ಅಡುಗೆಯ ಕೆಲಸ ಹಿಡಿದು ಮೂರು ವರ್ಷವಾಗಿತ್ತು. ಆಕೆಗೂ ಬಾಯಿ ಚಿಕ್ಕದೇನಲ್ಲ.

"ಯಾಕ ಒದರಾಕತ್ತಿ? ನನ್ನ ಯಾಕ ಕೇಳ್ತಿ? ಅಡಗಿ ಮಾಡಿದಾಕಿ ನಾ, ಖರೆ. ಛಂದ ಐತಿ, ಬಡಸ್ರಿ ಅಂತ ಹೆಬ್ಬಟ್ಟ ಒತ್ತಿದಾಕಿ ಯಾರು? ಹೋಗಿ ಸರ್‌ನ ಕೇಳು!"

"ಯಾವ ಹೆಬ್ಬಟ್ಟ?"

"ನಿಂದೇ ಹೆಬ್ಬಟ್ಟ! ಮತ್ತ್ಯಾರದು?"

ಹೆಡ್‌ಮಾಸ್ತರು ಸುಬ್ಬರಾಯರು ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿ ಮಕ್ಕಳನ್ನು ಕ್ಲಾಸಿಗೆ ಅಟ್ಟಿದರು. ಗಡಿಯ ಮಕ್ತಲ್ ಕಡೆಯವರಾದ್ದರಿಂದ ಅವರಿಗೆ ತೆಲುಗಿನಷ್ಟೇ ಕನ್ನಡವೂ ಬರುತ್ತಿತ್ತು. ಯಾವ ಮಾತನ್ನು ಯಾವ ಭಾಷೆಯಲ್ಲಿ ಆಡಿದರೆ ತಮಗೆ ಲಾಭ ಎಂಬುದೂ ಗೊತ್ತಿತ್ತು. ಒಂದು ಉದ್ದನೆಯ ಪುಸ್ತಕ ತಂದು ಮೇಜಿನ ಮೇಲೆ ಬಿಚ್ಚಿ, ತೆಲುಗಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿದರು.

"ಸೆಪ್ಟೆಂಬರ್ ಹದಿಮೂರನೇ ತಾರೀಖು, ಬುಧವಾರ. ಹನ್ನೊಂದೂವರಿ ಗಂಟೆ. ಅನ್ನ, ಸಾರು. ರುಚಿ ನೋಡಿದವರು ಸುಗಲಮ್ಮ, ಮೂರನೇ ತರಗತಿ ಗಂಗಾಳ ತಾಯಿ. ಅಭಿಪ್ರಾಯ, ಚೆನ್ನಾಗಿದೆ. ಇದು ನಿನ್ನ ಹೆಬ್ಬಟ್ಟ ಹೌದಲ್ಲೋ?"

ಹೌದು. ನೀಲಿ ಶಾಯಿಯ ಹೆಬ್ಬೆಟ್ಟು. ನಡುವೆ ಒಂದು ಅಡ್ಡಗೀರು, ಹೋದ ವರ್ಷ ಸರಳು ತಾಗಿ ಕುಯ್ದಿದ್ದರ ಗುರುತು. ಇಡೀ ಮಾದಾಪುರದಲ್ಲಿ ಅಂಥ ಹೆಬ್ಬೆಟ್ಟು ಇನ್ನೊಂದಿರಲಿಲ್ಲ. ಗೋದಾಬಾಯಿ ಎಲ್ಲರಿಗೂ ಕೇಳುವಂತೆ ನಕ್ಕು, ಸೌಟು ಬೀಸುತ್ತ ಒಳಗೆ ಹೋದಳು.

ಆ ಹೆಬ್ಬೆಟ್ಟು ಅಲ್ಲಿಗೆ ಬಂದ ಬಗೆ ಹೀಗೆ. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಒಬ್ಬ ತಾಯಿ ಬಂದು ರುಚಿ ನೋಡಿ ಪುಸ್ತಕದಲ್ಲಿ ಗುರುತು ಹಾಕಬೇಕು ಎಂಬುದು ನಿಯಮ. ದಿನಕ್ಕೊಬ್ಬ ತಾಯಿ, ಸರದಿಯ ಮೇಲೆ. ನಿಯಮ ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಆದರೆ ಹನ್ನೊಂದೂವರೆಗೆ ಯಾವ ಕೂಲಿ ಹೆಂಗಸು ಶಾಲೆಗೆ ಬಂದು ಸಾರು ನೆಕ್ಕುತ್ತ ನಿಲ್ಲುತ್ತಾಳೆ ಎಂದು ಆ ಪುಣ್ಯಾತ್ಮರು ಯೋಚಿಸಿರಲಿಲ್ಲ. ಅರ್ಧ ದಿನ ತಪ್ಪಿದರೆ ಮೇಸ್ತ್ರಿ ಇಡೀ ದಿನದ ಹಾಜರಿ ಹೊಡೆದುಹಾಕುತ್ತಾನೆ. ತಾಯಂದಿರು ಬರಲಿಲ್ಲ, ಪುಸ್ತಕ ಖಾಲಿ ಇಡುವಂತಿರಲಿಲ್ಲ.

ಜೂನ್ ತಿಂಗಳಲ್ಲಿ ಸುಗಲಮ್ಮ ಮಗಳನ್ನು ಸೇರಿಸಲು ಬಂದಾಗ ಅವಳ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಹುಟ್ಟಿದ ತಾರೀಖಿನ ಚೀಟಿ ಇಲ್ಲ, ಊರ ಶಾಲೆಯ ಸರ್ಟಿಫಿಕೇಟ್ ಇಲ್ಲ, ರೇಷನ್ ಕಾರ್ಡು ಊರಲ್ಲಿ. ಸುಬ್ಬರಾಯರು ನಾಲ್ಕು ಸಲ ತಿರುಗಿಸಿ ಕಳಿಸಿ, ಐದನೇ ಸಲ ಹೆಸರು ಬರೆದುಕೊಂಡರು. ಆಮೇಲೆ ಈ ಪುಸ್ತಕ ತೆರೆದು ಶಾಯಿಯ ಡಬ್ಬಿ ಮುಂದಿಟ್ಟು, "ಇಲ್ಲಿ ಒತ್ತಮ್ಮಾ, ಊಟದ ಸಲುವಾಗಿ" ಎಂದರು. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್, ನಾಲ್ಕು ಖಾಲಿ ಹಾಳೆಯ ಅಷ್ಟೂ ಮನೆಗಳಿಗೆ ಅವಳು ಒಂದೇ ಸಲಕ್ಕೆ ಒತ್ತಿದಳು. ಒತ್ತದಿದ್ದರೆ ಊಟ ಕೊಡುವುದಿಲ್ಲವೇನೋ ಎಂಬ ಹೆದರಿಕೆ. ಒತ್ತಿ ಮುಗಿದಾಗ ಖುಷಿಯೂ ಆಗಿತ್ತು, ಇಷ್ಟೊಂದು ಹೆಬ್ಬೆಟ್ಟು ತೆಗೆದುಕೊಂಡ ಮೇಲೆ ಮಗಳನ್ನು ಹೊರಗೆ ಹಾಕಲಾರರು ಎಂದು. ಸೈಟಿನಲ್ಲಿ ಆಳುಗಳು ಊರಿಗೆ ಹೋಗುವ ಮೊದಲು ಹಾಜರಿಯ ಮಸ್ಟರಿನಲ್ಲಿ ಹೀಗೆಯೇ ಮುಂಗಡವಾಗಿ ಒತ್ತಿ ಹೋಗುವುದುಂಟು. ಇದೂ ಅಂಥದ್ದೇ ಅಂದುಕೊಂಡಳು.

ಸುಬ್ಬರಾಯರು ಈಗ ಪುಸ್ತಕ ಮುಚ್ಚಿ, ಅವಳನ್ನು ಪಡಸಾಲೆಯ ಮೂಲೆಗೆ ಕರೆದರು. ಧ್ವನಿ ತಗ್ಗಿಸಿದರು. ಅವರು ಧ್ವನಿ ತಗ್ಗಿಸಿದಾಗಲೇ ಹೆದರಬೇಕು.

"ನೋಡಮ್ಮಾ, ಶುಕ್ರವಾರ ಮಂಡಲದ ಆಫೀಸಿನಿಂದ ಮೇಡಂ ಬರ್ತಾರ, ವಿಚಾರಣಾ ಮಾಡ್ಲಿಕ್ಕ. ನೀ ಒಂದೇ ಮಾತು ಹೇಳು. ನಾ ಬಂದಿದ್ದೆ, ರುಚಿ ನೋಡಿದ್ದೆ, ಸಾರು ಛಂದ ಇತ್ತು ಅಂತ. ಮಕ್ಕಳು ಗೇಟಿನ ಹೊರಗ ಪಾನಿಪುರಿ ತಿಂದಾವ, ಅದರಿಂದ ಆಗೇದ ಅಂತ ನಾ ಬರೀತೀನಿ. ಯಾರಿಗೂ ತ್ರಾಸಿಲ್ಲ."

"ನಾ ಬಂದಿಲ್ಲಲ್ರಿ ಸರ್. ಗಾರಿ ಹೊರಾಕತ್ತಿದ್ದೆ ನಾ."

"ಹಂಗಾರ ಸುಳ್ಳು ಹೆಬ್ಬಟ್ಟ ಒತ್ತೀದಿ ಅಂತ ಆಗ್ತದ. ಸರ್ಕಾರಿ ಪುಸ್ತಕದಾಗ ಸುಳ್ಳು ಹೆಬ್ಬಟ್ಟ! ಮತ್ತ ಗಂಗಾಂದು ಒಂದು ಕಾಗದನೂ ಇಲ್ಲ. ನಾ ಕರುಣಾದಿಂದ ಬರಕೊಂಡೀನಿ. ಪುಸ್ತಕ ತೆರದ್ರು ಅಂದ್ರ ಎಲ್ಲಾ ತೆರೀತಾರ. ಮೊದಲು ಆಕೀ ಹೆಸರಿಗೇ ಕಾಟು ಬೀಳ್ತದ. ಹೆಸರು ಹೋತಂದ್ರ ಊಟನೂ ಹೋತು. ಆಮ್ಯಾಲೆ ಆಕೀನ ಎಲ್ಲಿ ಬಿಡ್ತಿ? ಒಂಬತ್ತನೇ ಮಹಡಿ ಮ್ಯಾಲೆ?"

ಸೈಟಿನಲ್ಲಿ ಬಿಟ್ಟ ಮಕ್ಕಳ ಗತಿ ಸುಗಲಮ್ಮನಿಗೆ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಲಿಫ್ಟಿನ ಗುಂಡಿಗೆ ಬಿದ್ದ ಮಗುವನ್ನು ಎತ್ತಿಕೊಂಡು ಮೇಲೆ ಬಂದವರಲ್ಲಿ ಅವಳೂ ಒಬ್ಬಳು. ಅವಳು ಗೇಟು ದಾಟಿದಳು. ಬರುವಾಗ ಇದ್ದ ಸಿಟ್ಟು ಹೋಗುವಾಗ ಇನ್ನೂ ಹೆಚ್ಚಾಗಿತ್ತು. ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯುತ್ತಿರಲಿಲ್ಲ.

ಸೀದಾ ಸೈಟಿಗೆ ಹೋಗಿ ಮೇಸ್ತ್ರಿ ಮಲ್ಲಣ್ಣನನ್ನು ಹಿಡಿದಳು. ಅವಳದೇ ತಾಲೂಕಿನವನು. ಊರಿನಿಂದ ಕರೆತರುವಾಗ ಅಕ್ಕಾ ಅಕ್ಕಾ ಅಂದಿದ್ದವನು, ಇಲ್ಲಿಗೆ ಬಂದ ಮೇಲೆ ಆ ಶಬ್ದವನ್ನೇ ಮರೆತಿದ್ದ.

"ಮಲ್ಲಣ್ಣ, ಬುಧವಾರ ಹನ್ನೊಂದೂವರಿಗೆ ನಾ ಇಲ್ಲೇ ಇದ್ದೆ ಅಂತ ಒಂದು ಮಾತು ಬಂದು ಹೇಳು. ಮಸ್ಟರ್‌ದಾಗ ನನ್ನ ಹಾಜರಿ ಐತಿ."

"ನಿಂಗೇನ್ ತಲಿ ಕೆಟ್ಟೈತೇನು? ಮಸ್ಟರ್ ಹೊರಗ ಹೋತಂದ್ರ ಆಫೀಸರ್ ಇಲ್ಲಿಗೇ ಬರ್ತಾರ. ಶೆಡ್ ಎಷ್ಟು, ಮಂದಿ ಎಷ್ಟು, ಹುಡುಗರು ಎಷ್ಟು ಅಂತ ಕೇಳ್ತಾರ. ಕಂಪನಿ ನನ್ನ ಬಿಡತೈತೇನು? ಕೂಸು ಹುಷಾರಾತಿಲ್ಲೋ? ಆತು, ಸುಮ್ನ ಕೆಲಸಕ್ಕ ನಡಿ."

"ಆಗಿಲ್ಲ ಇನ್ನಾ."

"ಆಗ್ತಾಳ ಬಿಡು," ಎಂದು ಮಲ್ಲಣ್ಣ ಫೋನು ಕಿವಿಗಿಟ್ಟುಕೊಂಡು ಆಚೆ ಹೋದ.

ಆ ಸಂಜೆ ದವಾಖಾನೆಗೆ ಹೋಗುವ ದಾರಿಯಲ್ಲಿ ಸುಗಲಮ್ಮ ತೀರ್ಮಾನ ಮಾಡಿಯೇಬಿಟ್ಟಳು. ಮಾಸ್ತರು ಹೇಳಿದಂತೆ ಹೇಳುವುದು. ರುಚಿ ನೋಡಿದ್ದೆ, ಛಂದ ಇತ್ತು. ಏನು ಗಂಟು ಹೋಗುತ್ತದೆ? ಗಂಗಾಳ ಹೆಸರು ಉಳಿಯುತ್ತದೆ, ಊಟ ಉಳಿಯುತ್ತದೆ. ಪಾನಿಪುರಿಯವನಿಗೆ ನಾಲ್ಕು ದಿನ ಗಾಡಿ ಎತ್ತಿಸುತ್ತಾರೆ, ಐದನೇ ದಿನ ಅವನು ಮತ್ತೆ ಬರುತ್ತಾನೆ. ಬಡವರ ತಪ್ಪು ಬಡವರ ಮೇಲೆಯೇ ಇಳಿಯುವುದು ಅವಳಿಗೇನೂ ಹೊಸದಲ್ಲ. ಹೀಗೆಲ್ಲ ಲೆಕ್ಕ ಹಾಕುತ್ತ ದವಾಖಾನೆಯ ಮೆಟ್ಟಿಲು ಹತ್ತಿದಳು.

ಗಂಗಾ ಎದ್ದು ಕೂತಿದ್ದಳು. ನೀಲಾ ಅವಳಿಗೆ ಗಂಜಿ ಕುಡಿಸಲು ನೋಡಿ ಸೋತು, "ನಿನ್ನ ಮಗಳು, ನೀನೇ ನೋಡ್ಕೋ, ಬಾಯೇ ಬಿಡವಲ್ಲಳು" ಎಂದು ಲೋಟ ಕೊಟ್ಟು ಹೊರಟುಹೋದಳು. ಸುಗಲಮ್ಮ ಲೋಟವನ್ನು ಮಗಳ ತುಟಿಗೆ ಹಿಡಿದಳು. ಗಂಗಾ ಮುಖ ತಿರುಗಿಸಿದಳು.

"ಕುಡಿ. ಛಂದ ಐತಿ."

"ನಿನ್ನಿನೂ ಹಂಗ ಅಂದಿದ್ದಿ ನೀ."

"ಯಾವಾಗ?"

"ಸಾಲ್ಯಾಗ, ಉಣ್ಣೋ ಹೊತ್ತಿನಾಗ." ಗಂಗಾ ತಾಯಿಯನ್ನು ನೋಡದೆ ಮಾತಾಡಿದಳು. "ಸಾರು ಹುಳಿ ವಾಸನಿ ಬರಾಕತ್ತಿತ್ತು. ಯಾರೂ ಉಣ್ಣಲಿಲ್ಲ. ಕಾವ್ಯಾ ಟೀಚರ್ ಬುಕ್ಕಿನಾಗ ಓದಿದ್ರು. ಗಂಗಾನ ಅವ್ವ ರುಚಿ ನೋಡ್ಯಾಳ, ಛಂದ ಐತಿ ಅಂದಾಳ, ಉಣ್ರಿ ಅಂದ್ರು. ಎಲ್ಲಾರೂ ನನ್ನ ಕಡೀನ ನೋಡಿದ್ರು. ಅದಕ್ಕ ನಾನೇ ಮೊದಲು ಉಂಡೆ. ಎರಡು ಸಲ ಹಾಕಿಸ್ಕೊಂಡೆ."

ಸುಗಲಮ್ಮ ಲೋಟವನ್ನು ನೆಲದ ಮೇಲಿಟ್ಟಳು.

"ನೀ ಯಾಕ ಛಂದ ಐತಿ ಅಂದಿ, ಅವ್ವಾ?"

ಸುಗಲಮ್ಮನಿಗೆ ಈಗ ಎಲ್ಲ ತಿಳಿಯಿತು. ಉಳಿದ ಮಕ್ಕಳು ಒಂದೆರಡು ತುತ್ತಿಗೆ ಬಿಟ್ಟಿದ್ದವು, ಅದಕ್ಕೇ ಸಂಜೆಗೆ ಮನೆಗೆ ಹೋದವು. ತನ್ನ ಮಗಳು ಮಾತ್ರ ತಾಯಿಯ ಮಾನ ಉಳಿಸಲು ಎರಡು ಸಲ ಬಡಿಸಿಕೊಂಡು ಉಂಡಿದ್ದಳು. ಗೋದಾಬಾಯಿಯ ಮೇಲೆ, ಮಾಸ್ತರರ ಮೇಲೆ, ಮೇಸ್ತ್ರಿಯ ಮೇಲೆ ಎರಡು ದಿನ ಉರಿದ ಸಿಟ್ಟೆಲ್ಲ ತಿರುಗಿ ಅವಳ ಮೈಮೇಲೆಯೇ ಬಂದು ಬಿತ್ತು. ಅವಳು ಅತ್ತಳು. ಮಗಳು ಸಮಾಧಾನ ಮಾಡಲಿಲ್ಲ.

ಶುಕ್ರವಾರ ಮಂಡಲದ ಶಿಕ್ಷಣಾಧಿಕಾರಿ ಶೈಲಾ ಮೇಡಂ ಜೀಪಿನಲ್ಲಿ ಬಂದರು. ಹೆಡ್‌ಮಾಸ್ತರರ ಕೋಣೆಯಲ್ಲಿ ಫ್ಯಾನಿನ ಕೆಳಗೆ ಅವರನ್ನು ಕೂರಿಸಿ ಎಳನೀರು ಕೊಟ್ಟರು. ಸುಬ್ಬರಾಯರ ಪಕ್ಕ ಗೋದಾಬಾಯಿ, ಬಾಗಿಲ ಬಳಿ ಕಾವ್ಯಾ ಟೀಚರ್, ಗೋಡೆಗೆ ಒರಗಿ ಸುಗಲಮ್ಮ. ಮೇಡಂ ತೆಲುಗಿನಲ್ಲಿ ಕೇಳುವುದು, ಸುಬ್ಬರಾಯರು ಅದನ್ನು ಕನ್ನಡಕ್ಕೆ ತಿರುಗಿಸಿ, ಉತ್ತರವನ್ನು ಮತ್ತೆ ತೆಲುಗಿಗೆ ತಿರುಗಿಸುವುದು ಎಂದು ಏರ್ಪಾಟಾಯಿತು. ಏರ್ಪಾಟು ಮಾಡಿದವರು ಸುಬ್ಬರಾಯರೇ.

"ರುಚಿ ನೋಡಿದ್ದಿ ಏನಮ್ಮಾ ಅಂತ ಕೇಳಾಕತ್ತಾರ," ಎಂದರು ಸುಬ್ಬರಾಯರು, ಕಣ್ಣಿನಲ್ಲೇ ಉತ್ತರವನ್ನೂ ಹೇಳಿಕೊಡುತ್ತ.

"ಇಲ್ರಿ. ನಾ ಬಂದೇ ಇಲ್ಲ."

ಸುಬ್ಬರಾಯರು ಮೇಡಂ ಕಡೆ ತಿರುಗಿ ತೆಲುಗಿನಲ್ಲಿ, ಆಕೆ ಬಂದಿದ್ದಳಂತೆ, ಸಾರು ಚೆನ್ನಾಗಿಯೇ ಇತ್ತಂತೆ ಎಂದರು. ಎರಡು ವರ್ಷ ತೆಲುಗು ಮೇಸ್ತ್ರಿಗಳ ಬೈಗುಳ ಕೇಳಿದವಳಿಗೆ ಅಷ್ಟು ತೆಲುಗು ಬಾರದೆ ಹೋಗುತ್ತದೆಯೇ? ಸುಗಲಮ್ಮ ಗೋಡೆ ಬಿಟ್ಟು ಮೇಜಿನ ಬಳಿಗೆ ಬಂದು, ತನಗೆ ಬರುವ ಹರಕು ಹಿಂದಿಯಲ್ಲಿ ನೇರವಾಗಿ ಮೇಡಂಗೇ ಹೇಳಿದಳು.

"ಝೂಟ್ ಬೋಲ್‌ರಹೇ ಮೇಡಂ. ಮೈ ನೈ ಆಯೀ. ನೈ ಖಾಯೀ. ಜೂನ್ ಮೇ ಅಂಗೂಠಾ ಲಿಯೇ, ಖಾಲಿ ಕಾಗಜ್ ಪೇ, ಚಾರ್ ಮಹೀನೇ ಕಾ."

ಸುಳ್ಳು, ತಾನು ಬಂದೂ ಇಲ್ಲ, ಉಂಡೂ ಇಲ್ಲ, ಜೂನಿನಲ್ಲೇ ಖಾಲಿ ಹಾಳೆಯ ಮೇಲೆ ನಾಲ್ಕು ತಿಂಗಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ ಎಂದು. ಮೇಡಂ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಮುಂದಿನ ಪುಟ ತಿರುಗಿಸಿದರು. ಅಂದು ಹದಿನೈದನೇ ತಾರೀಖು. ಇಪ್ಪತ್ತು, ಇಪ್ಪತ್ತೈದು, ಇಪ್ಪತ್ತೊಂಬತ್ತನೇ ತಾರೀಖಿನ ಮನೆಗಳಲ್ಲೂ ಸುಗಲಮ್ಮನ ಹೆಬ್ಬೆಟ್ಟು ನೀಲಿಯಾಗಿ ಕೂತಿತ್ತು. ಇನ್ನೂ ಬೇಯದ ಅನ್ನವನ್ನು ಆಕೆ ರುಚಿ ನೋಡಿ ಮುಗಿಸಿದ್ದಳು. ಅದನ್ನು ಮುಚ್ಚಿಡಬೇಕೆಂದು ಸುಬ್ಬರಾಯರಿಗೆ ಹೊಳೆದೇ ಇರಲಿಲ್ಲ. ಯಾರೂ ಇದುವರೆಗೆ ಮುಂದಿನ ಪುಟ ತಿರುಗಿಸಿರಲಿಲ್ಲ.

ಗೋದಾಬಾಯಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಕೂಡಲೇ ಗೊತ್ತಾಯಿತು. "ನನ್ನೊಬ್ಬಾಕಿ ಮ್ಯಾಲೆ ಹಾಕಬ್ಯಾಡ್ರಿ!" ಎಂದು ಕೂಗಿಬಿಟ್ಟಳು. "ದಿನಾ ನೂರಾ ಇಪ್ಪತ್ತು ಹುಡುಗರಿಗೆ ಮಾಡ್ತೀನಿ. ಬುಧವಾರ ಸಾಫ್ಟ್‌ವೇರ್ ಮಂದಿ ಫೋಟೋ ತಗೀಲಿಕ್ಕ ಬರ್ತಾರ ಅಂತ ಇವರೇ ಎಲ್ಲಾ ಹುಡುಗರನ್ನ ಕರಸಿದ್ರು. ಎರಡು ನೂರು ಆದ್ರು. ಸಾರು ಸಾಲಲಿಲ್ಲ. ನಿನ್ನಿ ಉಳದದ್ದು ಕೂಡಸು ಅಂದೋರು ಇವರೇ!"

"ನಾ ಯಾವಾಗ ಅಂದೆ?"

"ದೇವರ ಮ್ಯಾಲೆ ಆಣಿ ಮಾಡ್ರಿ ನೋಡೋಣು!"

ಆಮೇಲೆ ಅರ್ಧ ಗಂಟೆ ಇಬ್ಬರೂ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಮೇಡಂ ಸುಮ್ಮನೆ ಬರೆದುಕೊಂಡರು. ಕೊನೆಗೆ ಸುಬ್ಬರಾಯರು ತಮ್ಮ ಕಡೆಯ ಬಾಣವನ್ನೂ ಬಿಟ್ಟರು: ಈ ಹೆಂಗಸಿನ ಮಗಳ ದಾಖಲೆಯೇ ಇಲ್ಲ, ಅವಳ ಹೆಸರು ತೆಗೆಯಬೇಕು. ಮೇಡಂ ತಲೆಯೆತ್ತಿ, ಇಂಥ ಹೆಸರು ಶಾಲೆಯಲ್ಲಿ ಎಷ್ಟಿವೆ ಎಂದು ಕೇಳಿದರು. ಎಂಬತ್ತರಷ್ಟು. ಎಂಬತ್ತು ಹೆಸರು ತೆಗೆದರೆ ಎಂಬತ್ತು ಮಕ್ಕಳ ಅಕ್ಕಿ ಬರುವುದಿಲ್ಲ, ಇಬ್ಬರು ಮಾಸ್ತರರ ಹುದ್ದೆಯೂ ಉಳಿಯುವುದಿಲ್ಲ. ಮೇಡಂ ಪೆನ್ನಿನ ಮುಚ್ಚಳ ಹಾಕಿ, ಹೆಸರು ಇರಲಿ ಎಂದರು. ನಾಲ್ಕು ಸಲ ತಿರುಗಿಸಿ, ಹೆದರಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡ ಮಹಾ ಉಪಕಾರದ ಬಣ್ಣ ಅಷ್ಟರಲ್ಲೇ ಬಯಲಾಯಿತು. ಹೆಸರು ಮಾಸ್ತರರಿಗೇ ಬೇಕಿತ್ತು.

ಸುಬ್ಬರಾಯರಿಗೆ ಬೇರೆ ಊರಿಗೆ ವರ್ಗವಾಯಿತು. ಗೋದಾಬಾಯಿಯ ಸಂಘವನ್ನು ಅಡುಗೆಯ ಕೆಲಸದಿಂದ ಬಿಡಿಸಿದರು. ಹೊಸ ಅಡುಗೆಯವರು ಸಿಗುವವರೆಗೆ ಊಟ ಬಂದ್.

ಊಟ ಬಂದ್ ಆದದ್ದು ಹನ್ನೆರಡು ದಿನ. ಆ ಹನ್ನೆರಡು ದಿನ ಶೆಡ್ಡುಗಳ ಸಾಲಿನಲ್ಲಿ ಸುಗಲಮ್ಮನಿಗೆ ಒಬ್ಬರೂ ನೀರಿನ ಸರದಿ ಬಿಟ್ಟುಕೊಡಲಿಲ್ಲ. ಸತ್ಯ ಹೇಳಿದವಳೆಂದು ಯಾರಾದರೂ ಬೆನ್ನು ತಟ್ಟುತ್ತಾರೆ ಎಂದು ಅವಳೇನೂ ಕಾದಿರಲಿಲ್ಲ; ಆದರೆ ನೀಲಾಳ ಬಾಯಿಂದಲೇ ಅಂಥ ಮಾತು ಬರುತ್ತದೆ ಎಂದುಕೊಂಡಿರಲಿಲ್ಲ.

"ನಿನ್ನ ಮಗಳು ಎದ್ದು ಓಡ್ಯಾಡಾಕತ್ಯಾಳ. ನಮ್ಮ ಹುಡುಗರು ಉಪವಾಸ ಬಿದ್ದಾವ. ಹೊಟ್ಟಿ ತಣ್ಣಗಾತೇನು ನಿಂದು?"

"ಹುಳಿ ಸಾರು ಉಣ್ಣಸಬೇಕಿತ್ತೇನು ಮತ್ತ?"

"ಒಂದು ದಿನ ಹುಳಿ ಇತ್ತು. ಉಳದ ದಿನ ಇತ್ತಲ್ಲ!"

ಅದೂ ಸುಳ್ಳಲ್ಲ. ಸುಗಲಮ್ಮ ಖಾಲಿ ಕೊಡ ಹಿಡಿದು ವಾಪಸಾದಳು.

ಹದಿಮೂರನೇ ದಿನ ಹೊಸ ಅಡುಗೆಯವರು ಬಂದರು, ಹೊಸ ಪುಸ್ತಕ ಬಂತು. ಇನ್ನು ಮೇಲೆ ತಾಯಿ ಖುದ್ದಾಗಿ ಬಂದು ಮಕ್ಕಳ ಎದುರಿಗೇ ರುಚಿ ನೋಡಬೇಕು, ಇಲ್ಲದಿದ್ದರೆ ಮಕ್ಕಳು ಉಣ್ಣುವಂತಿಲ್ಲ ಎಂದು ಮೇಡಂ ಹುಕುಂ ಮಾಡಿದ್ದರು. ಮೊದಲ ದಿನ ಯಾರು ಎಂದು ಕೇಳಿದಾಗ ಎಲ್ಲ ತಾಯಂದಿರೂ ಒಂದೇ ಕಡೆ ಬೆರಳು ತೋರಿಸಿದರು. ಊಟ ನಿಲ್ಲಿಸಿದವಳೇ ರುಚಿ ನೋಡಲಿ. ಮಲ್ಲಣ್ಣ ಇಡೀ ದಿನದ ಹಾಜರಿ ಹೊಡೆದುಹಾಕುತ್ತೇನೆಂದ. ಹೊಡಿ ಎಂದು ಸುಗಲಮ್ಮ ತಲೆಯ ಮೇಲಿನ ಸಿಂಬಿ ಬಿಸಾಕಿ ನಡೆದಳು.

ಹನ್ನೊಂದೂವರೆಗೆ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದವು. ತಾಟಿನಲ್ಲಿ ಅನ್ನ, ಸಾರು, ಒಂದೊಂದು ತತ್ತಿ. ಆಚೆ ಗೇಟಿನ ಬಳಿ ನೀಲಾ ಮತ್ತು ಇನ್ನೂ ನಾಲ್ಕೈದು ಹೆಂಗಸರು ನಿಂತು ನೋಡುತ್ತಿದ್ದರು; ಬೈಯಲು ಒಂದು ಕಾರಣ ಸಿಗಲೆಂದೇ ಬಂದವರು. ಹೊಸ ಅಡುಗೆಯವಳು ಒಂದು ತಾಟನ್ನು ಸುಗಲಮ್ಮನ ಮುಂದೆ ಕುಕ್ಕಿದಳು. ಅವಳ ಮುಖದಲ್ಲೂ ಪ್ರೀತಿಯೇನಿರಲಿಲ್ಲ.

ಸುಗಲಮ್ಮ ಕಲಸಿಕೊಂಡು ಉಂಡಳು. ಬಿಸಿಯಾಗಿತ್ತು, ಉಪ್ಪು ತುಸು ಮುಂದಾಗಿತ್ತು, ಹುಳಿಯ ವಾಸನೆ ಇರಲಿಲ್ಲ. ನಾಲ್ಕು ತುತ್ತು ನುಂಗಿ, "ಛಂದ ಐತಿ" ಎಂದಳು. ಹೆಬ್ಬೆಟ್ಟು ಒತ್ತಿದಳು. ಕಾವ್ಯಾ ಟೀಚರ್ ಪುಸ್ತಕ ನೋಡಿ ಎಂದಿನ ಧಾಟಿಯಲ್ಲೇ ಓದಿದರು.

"ಗಂಗಾಳ ಅಮ್ಮ ರುಚಿ ನೋಡಿದ್ದಾರೆ. ಚೆನ್ನಾಗಿದೆಯಂತೆ. ಊಟ ಮಾಡಿ."

ಒಂದು ಕೈಯೂ ತಾಟಿಗೆ ಇಳಿಯಲಿಲ್ಲ. ಇಷ್ಟು ದಿನ ಉಪವಾಸ ಬಿದ್ದ ಮಕ್ಕಳು ಅನ್ನ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದವು. ಎಲ್ಲರೂ ಗಂಗಾಳ ಕಡೆ ನೋಡುತ್ತಿದ್ದರು. ಗಂಗಾ ತಾಯಿಯ ಕಡೆ ನೋಡುತ್ತಿದ್ದಳು. ಗೇಟಿನ ಬಳಿಯ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಉಣ್ಣವ್ವ," ಎಂದಳು ಸುಗಲಮ್ಮ. "ನಿನ್ನ ಮುಂದನ ಉಂಡೀನಲ್ಲ."

ಗಂಗಾ ಸಾಲಿನಿಂದ ಎದ್ದು ಬಂದಳು. ದವಾಖಾನೆಯಿಂದ ಬಂದ ಮೇಲೆ ಅವಳ ಕಾಲುಗಳು ಇನ್ನೂ ಕಡ್ಡಿಯಂತಿದ್ದವು. ತಾಯಿಯ ಎದುರು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಬಾಯಿ ತೆರಿ."

ಅಂಗಳದ ತುಂಬ ಮಕ್ಕಳು, ಟೀಚರು, ಅಡುಗೆಯವಳು, ಗೇಟಿನ ಬಳಿ ನೆರೆಯ ಹೆಂಗಸರು. ಸುಗಲಮ್ಮನ ಮುಖಕ್ಕೆ ಬಿಸಿ ಏರಿತು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದಳು. ಅವಳು ನೆಲದ ಮೇಲೆ ಮೊಣಕಾಲೂರಿ ಮಗಳ ಎತ್ತರಕ್ಕೆ ಇಳಿದು ಬಾಯಿ ತೆರೆದಳು.

ಗಂಗಾ ಅವಸರ ಮಾಡಲಿಲ್ಲ. ತಾಯಿಯ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ನಾಲಗೆ ಎತ್ತಿಸಿ ಕೆಳಗೆ ನೋಡಿದಳು, ಎಡಗೆನ್ನೆಯ ಒಳಗೆ ನೋಡಿದಳು, ಬಲಗೆನ್ನೆಯ ಒಳಗೆ ನೋಡಿದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ ಕೂತು ಊಟಕ್ಕೆ ಕೈಹಾಕಿದಳು.